ಮಾಸ್ತಮ್ಮನ ಕೈಗೆ ಸಿಗದ ನೋವು

ಬ್ಯಾಕೋಡಿನ ಸುತ್ತ ಯಾವ ಮಗುವಿಗೆ ಹೊಟ್ಟೆನೋವು ಬಂದರೂ ಮೊದಲು ಮಾಸ್ತಮ್ಮ, ಆಮೇಲೆ ಡಾಕ್ಟರು. ನಾನು ಇಲ್ಲಿಯ ಶಾಲೆಗೆ ಟೀಚರಾಗಿ ಬಂದು ಒಂಬತ್ತು ವರ್ಷವಾಯಿತು, ಈ ಕ್ರಮ ತಪ್ಪಿದ್ದನ್ನು ನೋಡಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಹರಳೆಣ್ಣೆ ಹಚ್ಚಿ ನೀವಿದರೆ ರೋಗವೆಲ್ಲ ಹೋಗುವುದಾದರೆ ಸರ್ಕಾರ ಆಸ್ಪತ್ರೆ ಯಾಕೆ ಕಟ್ಟಿಸಿತು ಎಂದು ಪೋಷಕರ ಸಭೆಯಲ್ಲೇ ಕೇಳಿಬಿಟ್ಟಿದ್ದೆ. ಮಾರನೆಯ ದಿನ ಮಾಸ್ತಮ್ಮ ಶಾಲೆಯ ಬಾಗಿಲಿಗೆ ಬಂದು, ಒಂದು ಕಟ್ಟು ಬಸಳೆ ಇಟ್ಟು ಹೋದರು. ನನ್ನ ಬಾಯಿ ಅಲ್ಲಿಗೆ ಮುಚ್ಚಿತು.

ಅವರಿಗೀಗ ಅರವತ್ತಾರು. ಗಂಡ ಜಯಪ್ಪ ತೀರಿಕೊಂಡು ಐದು ವರ್ಷ. ಹೊಟ್ಟೆ ನೀವುವುದನ್ನು ಕಲಿತದ್ದು ಅತ್ತೆಯಿಂದ. ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಬೆಚ್ಚಗಿನ ಎಣ್ಣೆಯ ಅಂಗೈಯನ್ನು ಹೊಕ್ಕುಳಿನ ಸುತ್ತ ಆಡಿಸುತ್ತಾರೆ. ಮಾವಿನಮಿಡಿ ತಿಂದ ಹೊಟ್ಟೆ, ಹುಳದ ಹೊಟ್ಟೆ, ಎರಡು ದಿನದಿಂದ ಹೊರಗೆ ಹೋಗದ ಹೊಟ್ಟೆ, ಎಲ್ಲ ಅವರ ಕೈಗೆ ತಿಳಿಯುತ್ತದೆ. ಗಟ್ಟಿಯಾಗಿ ಬಿಗಿದುಕೊಂಡಿದ್ದರೆ ಮುಟ್ಟದೆ ಸಾಗರದ ಆಸ್ಪತ್ರೆಗೆ ಕಳಿಸುತ್ತಾರೆ. ಶಾಲೆ ತಪ್ಪಿಸುವ ಹೊಟ್ಟೆಯಾದರೆ ನೇರ ನನ್ನ ಹತ್ತಿರ. ಊರ ಮಕ್ಕಳ ಹೊಟ್ಟೆ ನೀವಿ ನೀವಿ ಈಗ ಕೈಯೇ ನೋಯುತ್ತದೆ, ಸಾಕಾಗಿದೆ ಎಂದು ನನ್ನೆದುರು ಎಷ್ಟೋ ಸಲ ಹೇಳಿದ್ದಾರೆ. ಹೇಳುತ್ತಲೇ ಮುಂದಿನ ಮಗುವಿಗೆ ಚಾಪೆ ಕೊಡವುತ್ತಾರೆ.

ಇಂಥವರಿಗೂ ತಿಳಿಯದೆ ಹೋದದ್ದು ಒಂದೇ ಹೊಟ್ಟೆ. ಅದು ಅವರ ಸ್ವಂತ ಮೊಮ್ಮಗಳು ಬಿಂದುವಿನದು. ಹಿತ್ತಲ ಗಿಡ ಮದ್ದಲ್ಲ ಎಂದು ಊರವರು ಆಡಿಕೊಂಡದ್ದೂ ಆಯಿತು.

ಬಿಂದು ನನ್ನ ಒಂದನೇ ತರಗತಿಯ ಹುಡುಗಿ. ಕಳೆದ ದೀಪಾವಳಿ ಮುಗಿದ ಮೇಲೆ ಅವಳ ನೋವು ಶುರುವಾಯಿತು. ಪ್ರಾರ್ಥನೆ ಮುಗಿಯುತ್ತಲೇ ಹೊಟ್ಟೆ ಹಿಡಿದುಕೊಂಡು ಕುಕ್ಕರಿಸುತ್ತಿದ್ದಳು, ಕೆಲವು ದಿನ ವಾಂತಿ ಬೇರೆ. ನಾಟಕ ಎನ್ನುವಂತಿರಲಿಲ್ಲ. ಶಾಲೆ ತಪ್ಪಿಸುವ ಮಕ್ಕಳು ಮನೆಗೆ ಹೋಗು ಎಂದ ಕೂಡಲೆ ಅರಳುತ್ತವೆ. ಇವಳು ಮನೆಗೆ ಹೋಗು ಎಂದರೆ ಅಳುತ್ತಿದ್ದಳು. ಅಷ್ಟು ದೊಡ್ಡ ಸುಳಿವು ಕಣ್ಣೆದುರಿದ್ದರೂ ನನಗೆ ಹೊಳೆಯಲಿಲ್ಲ.

ಹುಳದ ಮಾತ್ರೆ ನುಂಗಿಸಿದ್ದಾಯಿತು. ಹೊಸನಗರದ ಕಡೆಯಿಂದ ಯಾರೋ ತಾಯಿತ ತಂದು ಕಟ್ಟಿದರು. ಸಾಗರದಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನಿಂಗ್. ಹಿನ್ನೀರಿಗೆ ಸೇತುವೆ ಆದದ್ದರಿಂದ ದಾಟಲು ಲಾಂಚಿಗೆ ಕಾಯುವ ಕಾಟವೇನೋ ತಪ್ಪಿತ್ತು, ಹೊಟ್ಟೆನೋವು ತಪ್ಪಲಿಲ್ಲ. ಎಲ್ಲ ನಾರ್ಮಲ್ ಎಂದು ಬರೆದ ಕಾಗದ ಹಿಡಿದುಕೊಂಡು ಅವಳ ತಾಯಿ ಸುಚಿತ್ರಾ, ನಾರ್ಮಲ್ ಅಂದರೆ ನೋವಿಲ್ಲ ಅಂತಲಾ ಎಂದು ನನ್ನನ್ನು ಕೇಳಿದಳು. ನಾಲ್ಕು ತಿಂಗಳಲ್ಲಿ ಮಗು ಎರಡೂವರೆ ಕಿಲೋ ಇಳಿದಿತ್ತು. ಇನ್ನು ಶಿವಮೊಗ್ಗಕ್ಕೆ ಹೋಗಿ ಬಾಯಿಂದ ಪೈಪ್ ಇಳಿಸಿ ನೋಡಬೇಕು ಎಂದಿದ್ದರು.

ಸೇತುವೆ ಒಬ್ಬೊಬ್ಬರಿಗೆ ಒಂದೊಂದು ಥರ. ಬಿಂದುವಿನ ಅಪ್ಪ ಗಣೇಶ್ ಲಾಂಚ್ ನಿಲ್ಲುವಲ್ಲಿ ಚಹದಂಗಡಿ ಇಟ್ಟಿದ್ದ. ಕಾಯುವವರೇ ಇಲ್ಲದ ಮೇಲೆ ಚಹ ಕುಡಿಯುವವರು ಯಾರು? ಅಂಗಡಿ ಮುಚ್ಚಿ, ಮಳೆಗಾಲದಿಂದ ಅವನು ಮನೆಯಲ್ಲೇ ಇದ್ದ. ಪಾಪ ಅನ್ನಿಸುತ್ತಿತ್ತು ನನಗೆ. ಈಗ ಅಷ್ಟು ಸುಲಭವಾಗಿ ಪಾಪ ಅನ್ನಲಾರೆ.

ಫೆಬ್ರವರಿಯ ಒಂದು ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಬಿಂದುವಿಗೆ ಜೋರು ನೋವು ಬಂತು. ನನ್ನ ಸ್ಕೂಟಿಯಲ್ಲೇ ಕೂರಿಸಿಕೊಂಡು ಮನೆಗೆ ಕರೆದೊಯ್ದೆ. ಸುಚಿತ್ರಾ ಸಂಘದ ಮೀಟಿಂಗಿಗೆ ಹೋಗಿದ್ದಳು. ಗಣೇಶ್ ಜಗಲಿಯಲ್ಲಿ ಮೊಬೈಲ್ ಹಿಡಿದು ಮಲಗಿದ್ದ. ಒಳಗೆ ಮಾಸ್ತಮ್ಮ ಚಾಪೆ ಹಾಸಿ, ಎಣ್ಣೆ ಬಿಸಿ ಮಾಡಿ, ನೀವತೊಡಗಿದರು. ನಾನು ಗೋಡೆಗೆ ಒರಗಿ ಕೂತೆ. ಮೂವರಿಗೂ ಸಾಕಾಗಿತ್ತು.

"ನಿನ್ನ ಹೊಟ್ಟೇಲಿ ಎಂತ ಇದ್ಯೇ ಮಾರಾಯ್ತಿ? ನನ್ನ ಕೈಗೆ ಸಿಗ್ತಾನೇ ಇಲ್ಲ" ಎಂದರು ಮಾಸ್ತಮ್ಮ.

ಬಿಂದು ಕಣ್ಣು ಮುಚ್ಚಿಕೊಂಡೇ ಹೇಳಿದಳು: "ನೀನೇ ಹಾಕ್ಕ ಅಂದಿದ್ದಲ."

"ಎಂತದ್ನ?"

"ಅಪ್ಪ ಅಮ್ಮಂಗೆ ಹೊಡ್ದಿದ್ದು. ಹೊಟ್ಟೆಗೆ ಹಾಕ್ಕ, ಯಾರಿಗೂ ಹೇಳ್ಬೇಡ ಅಂದೆ. ಹಾಕ್ಕಂಡೆ. ಮತ್ತೆ ಹೊಡ್ದ. ಅದನ್ನೂ ಹಾಕ್ಕಂಡೆ. ಈಗ ಜಾಗ ಇಲ್ಲ ಅಜ್ಜಿ. ತೆಗಿ."

ಮಾಸ್ತಮ್ಮನ ಕೈ ನಿಂತಿತು.

ಈ ಮಾತನ್ನು ನಾವು ದೊಡ್ಡವರು ದಿನಕ್ಕೆ ಹತ್ತು ಸಲ ಆಡುತ್ತೇವೆ. ಏನೋ ಆಯ್ತು, ಹೊಟ್ಟೆಗೆ ಹಾಕಿಕೊಳ್ಳಿ. ಅದರಲ್ಲಿ ಹೊಟ್ಟೆ ಎಂಬುದೊಂದು ಇದೆ ಎನ್ನುವುದೇ ನಮಗೆ ಮರೆತುಹೋಗಿದೆ. ಆರು ವರ್ಷದ ಮಗುವಿಗೆ ಮರೆತಿರಲಿಲ್ಲ. ನನಗೆ ನಾಚಿಕೆಯಾಯಿತು. ಡಿಸೆಂಬರಿನಲ್ಲಿ ಸುಚಿತ್ರಾಳ ಬಾತ ಕೆನ್ನೆ ನೋಡಿ ಏನಾಯ್ತು ಎಂದು ಕೇಳಿದ್ದೆ. ಹಲ್ಲುನೋವು ಎಂದಿದ್ದಳು. ನಂಬಲಿಲ್ಲ, ಆದರೆ ಮುಂದೆ ಕೇಳಲೂ ಇಲ್ಲ. ನನ್ನ ಪಾಲಿನದನ್ನು ನಾನೂ ಹೊಟ್ಟೆಗೆ ಹಾಕಿಕೊಂಡಿದ್ದೆ, ನನಗೆ ಮಾತ್ರ ನೋವು ಬಂದಿರಲಿಲ್ಲ.

ಮಾಸ್ತಮ್ಮ ಮಗನನ್ನು ಒಳಗೆ ಕರೆದರು. ಅವನು ಬಂದು ಬಾಗಿಲಲ್ಲಿ ನಿಂತ. ಅವರು ಏಳಲಿಲ್ಲ, ದನಿ ಏರಿಸಲೂ ಇಲ್ಲ.

"ನಿನ್ನಪ್ಪ ಹೊಡ್ದಿದ್ದನ್ನೆಲ್ಲ ನಾನು ಹೊಟ್ಟೆಗೆ ಹಾಕ್ಕಂಡೆ. ನಲವತ್ತು ವರ್ಷ. ಅದು ಕರಗ್ಲಿಲ್ಲ ಗಣೇಶ, ನಿನ್ನ ಕೈಗೆ ಬಂತು. ಈಗ ಈ ಮಗಿನ ಹೊಟ್ಟೇಲಿ ಕೂತದೆ. ಇವತ್ತು ಅಕ್ಕೋರ ಮುಂದೆ ಹೇಳ್ದೆ. ಇನ್ನೊಂದ್ಸಲ ಕೈ ಎತ್ತಿದ್ರೆ ಊರ ಮುಂದೆ ಹೇಳ್ತೀನಿ, ಸ್ಟೇಷನ್ನಿಗೂ ನಾನೇ ಹೋಗ್ತೀನಿ."

ಗಣೇಶ್ ನನ್ನನ್ನು ನೋಡಿದ, ನೆಲ ನೋಡಿದ, ಹೊರಗೆ ಹೋದ.

ಆಮೇಲೆ ಮಾಸ್ತಮ್ಮ ಮೊಮ್ಮಗಳ ಕಡೆ ಬಗ್ಗಿದರು. "ತಪ್ಪಾಯ್ತು ಮಗಾ. ನನ್ನ ತಪ್ಪನ್ನ ಹೊಟ್ಟೆಗೆ..." ಎಂದವರು ಅರ್ಧಕ್ಕೇ ನಿಲ್ಲಿಸಿದರು. ಕ್ಷಮೆ ಕೇಳಲೂ ಅವರಿಗೆ ಗೊತ್ತಿದ್ದದ್ದು ಅದೊಂದೇ ಮಾತು. "ಹಾಕ್ಕಬೇಡ. ಎಂತದ್ನೂ ಹಾಕ್ಕಬೇಡ" ಎಂದರು. ಆಗ ಅತ್ತರು.

ಅಂದಿನಿಂದ ಸೊಸೆ, ಮೊಮ್ಮಗಳು ಮಲಗುವುದು ಮಾಸ್ತಮ್ಮನ ಕೋಣೆಯಲ್ಲಿ. ಮಗನಿಗೆ ಜಗಲಿ. ಅವನು ಬದಲಾದನೋ, ಅಮ್ಮನಿಗೆ ಹೆದರಿದನೋ ನನಗೆ ತಿಳಿಯದು. ಡಾಕ್ಟರಿಗೆ ಎಲ್ಲ ಹೇಳಿದೆವು, ಪೈಪ್ ಸದ್ಯಕ್ಕೆ ಬೇಡ ಎಂದರು. ನೋವು ಒಂದೇ ದಿನಕ್ಕೆ ಹೋಗಲಿಲ್ಲ. ವಾರಕ್ಕೆ ಎರಡು ಸಲ, ಆಮೇಲೆ ಒಂದು ಸಲ, ಪರೀಕ್ಷೆಯ ಹೊತ್ತಿಗೆ ಹದಿನೈದು ದಿನಕ್ಕೊಮ್ಮೆ ಎನ್ನುವಲ್ಲಿಗೆ ಬಂತು. ಬಿಸಿಯೂಟದಲ್ಲಿ ಅವಳು ಎರಡನೇ ಸಲ ಸಾಂಬಾರು ಹಾಕಿಸಿಕೊಂಡದ್ದನ್ನು ನಾನು ಫೋನ್ ಮಾಡಿ ಮಾಸ್ತಮ್ಮನಿಗೆ ಹೇಳಿದೆ.

ಮಾಸ್ತಮ್ಮ ಈಗಲೂ ನೀವುತ್ತಾರೆ, ಈಗಲೂ ಸಾಕಾಯ್ತು ಅನ್ನುತ್ತಾರೆ. ಒಂದು ಮಾತ್ರ ಹೊಸದು. ಎಣ್ಣೆ ಹಚ್ಚುವ ಮೊದಲು ಬಿಸಿನೀರು ತಾ ಎಂದು ಮಗುವಿನ ತಾಯಿಯನ್ನು ಒಳಗೆ ಕಳಿಸಿ, ಮಗುವಿನ ಕಿವಿಯ ಹತ್ತಿರ ಬಗ್ಗಿ, ಯಾರಾದರೂ ಏನನ್ನಾದರೂ ಹೊಟ್ಟೆಗೆ ಹಾಕ್ಕ ಅಂದಿದ್ದಾರಾ ಎಂದು ಕೇಳುತ್ತಾರೆ. ಹೆಚ್ಚಿನವು ಬಾಳೆಹಣ್ಣು, ಮಿಕ್ಸ್ಚರ್ ಎಂದು ತಿಂದದ್ದರ ಪಟ್ಟಿ ಕೊಡುತ್ತವೆ. ಒಂದೊಂದು ಮಗು ಏನೂ ಹೇಳದೆ ಮಾಡಿನ ಹೆಂಚು ನೋಡುತ್ತ ಮಲಗಿರುತ್ತದೆ. ಆಗ ಮಾಸ್ತಮ್ಮ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಅದು ಮಾತಾಡುವವರೆಗೆ ಕಾಯುತ್ತಾರೆ.