ಎಡಗೈಯಲ್ಲಿ ಕುಡುಗೋಲು

ವಾರಕ್ಕೆರಡು ದಿನ ಕೊಲ್ಲಿ ದೇಶದ ನಮ್ಮ ಅಲ್ ಖುವೈರ್ ಫ್ಲ್ಯಾಟಿಗೆ ಕೆಲಸಕ್ಕೆ ಬರುವ ಹೆಂಗಸು ಒಂದು ಬೆಳಿಗ್ಗೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಚೌಕಟ್ಟೊಂದನ್ನು ತಂದು ಸೋಫಾಕ್ಕೆ ಒರಗಿಸಿದರು. ಬೆಳ್ತಂಗಡಿ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಉಳಿದ ದಿನಗಳಲ್ಲಿ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಬಿಳಿಯ ಮೇಡಂ ಒಬ್ಬರ ಮನೆಯಲ್ಲಿ ಅವರಿಗೆ ಕೆಲಸ. ಮೇಡಂ ತಮ್ಮ ದೇಶಕ್ಕೆ ಮರಳುತ್ತಿದ್ದಾರೆ, ಸಾಮಾನು ಕಟ್ಟುವಾಗ ಇದನ್ನು ನನಗೆ ಕೊಟ್ಟರು, ನಮ್ಮ ರೂಮಿನಲ್ಲಿ ಐದು ಜನ, ಗೋಡೆಯಲ್ಲಿ ಎಸಿ ನೀರು ಇಳಿಯುತ್ತದೆ, ಊರಿಗೆ ಹೋಗುವವರೆಗೆ ನಿಮ್ಮಲ್ಲಿರಲಿ ಎಂದರು.

ಬಿಚ್ಚಿ ನೋಡಿದೆ. ಗೋಧಿ ಕೊಯ್ಯುವ ಮೂವರು ಹೆಂಗಸರು, ಹಿಂದೆ ಕೊಯ್ದದ್ದನ್ನು ಸೂಡಿ ಕಟ್ಟುವ ಗಂಡಸು. ಕಾಗದದ ಅಂಚಿನಲ್ಲಿ ಚಹಾ ಹನಿಯಂಥ ಕಲೆಗಳು. ಹತ್ತೊಂಬತ್ತನೆಯ ಶತಮಾನದ್ದು, ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ್ದು ಎಂದು ಹಿಂಬದಿಯ ಚೀಟಿ ಹೇಳುತ್ತಿತ್ತು. ತುಂಬ ಚೆನ್ನಾಗಿದೆ ಎಂದೆ. ಆದರೆ ಇಂಥದ್ದನ್ನು ಕೆಲಸದವರಿಗೆ ಯಾರಾದರೂ ಸುಮ್ಮನೆ ಕೊಡುತ್ತಾರೆಯೇ? ಕೊಟ್ಟಿದ್ದರೆ ಬೆಡ್‌ಶೀಟಿನಲ್ಲಿ ಮುಚ್ಚಿ ತರುವುದೇಕೆ? ಅವರು ಹೋದ ಮೇಲೆ ಬೀರು ತೆರೆದು ಬೆಳ್ಳಿ ಲೋಟಗಳು ಇವೆಯೇ ಎಂದು ನೋಡಿದೆ. ಇದ್ದವು.

ನನ್ನವರು ಇನ್ನೂ ಹೆದರಿಸಿದರು. "ನಾಳೆ ಕಂಪ್ಲೇಂಟ್ ಆದ್ರೆ ಮಾಲು ಸಿಗೋದು ನಮ್ಮನೆಯಲ್ಲಿ. ಆಕೆಯ ಕಥೆ ಖಲಾಸ್." ಅದು ನನಗೂ ಗೊತ್ತಿತ್ತು. ಇಲ್ಲಿ ಕಳ್ಳತನದ ಒಂದು ದೂರು ಸಾಕು, ಇಲ್ಲಿರಲು ಕೊಟ್ಟ ಕಾರ್ಡ್ ರದ್ದಾಗಿ ಊರಿನ ವಿಮಾನ ಹತ್ತಬೇಕು.

ಎರಡು ದಿನ ಆ ಚಿತ್ರವನ್ನೇ ಅನುಮಾನದಿಂದ ನೋಡುತ್ತ ಕೂತೆ. ಆಗ ಕಂಡಿತು: ಮೂವರದ್ದೂ ಕುಡುಗೋಲು ಎಡಗೈಯಲ್ಲಿದೆ. ಒಂದೇ ಗದ್ದೆಯಲ್ಲಿ ಎಲ್ಲರೂ ಎಡಚರೇ? ಈಗ ಚಿತ್ರವೇ ನಕಲಿ ಎಂಬ ಶಂಕೆ ಬೇರೆ ಸೇರಿತು. ಫೋನ್ ಮಾಡಲು ಒಳ್ಳೆಯ ನೆಪವೂ ಆಯಿತು. ರಜೆಯ ದಿನ ಬದಲಿಸಲು ಹಿಂದೊಮ್ಮೆ ಕರೆ ಮಾಡಿದ್ದ ಮೇಡಂ ನಂಬರ್ ನನ್ನಲ್ಲಿತ್ತು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮೆತ್ತನೆಯ ಇಂಗ್ಲಿಷಿನಲ್ಲಿ, ನಿಮ್ಮ ಚಿತ್ರ ನಮ್ಮಲ್ಲಿದೆ, ಆ ಎಡಗೈ ಏಕೆ ಹಾಗೆ ಎಂದು ವಿಚಾರಿಸಿದೆ.

ಮೇಡಂ ನಕ್ಕುಬಿಟ್ಟರು. ತಗಡಿನಲ್ಲಿ ನೇರವಾಗಿ ಕೊರೆದದ್ದು ಕಾಗದಕ್ಕೆ ಇಳಿಯುವಾಗ ಎಡಬಲ ತಿರುಗುತ್ತದಂತೆ. ಇಷ್ಟು ವರ್ಷ ಆ ಚಿತ್ರ ಗೋಡೆಯಲ್ಲಿದ್ದರೂ ಬಂದ ಅತಿಥಿಗಳು ಯಾರೂ ಅದನ್ನು ಗಮನಿಸಿರಲಿಲ್ಲ. ಧೂಳು ಒರೆಸುತ್ತ ಆ ಪ್ರಶ್ನೆ ಕೇಳಿದವರು ನಮ್ಮ ಈ ಕೆಲಸದವರೊಬ್ಬರೇ. ಕೊಯ್ಯುವ ಕತ್ತಿ ಹಿಡಿಯುವುದು ಹೇಗೆಂದು ಪೊರಕೆ ಕಡ್ಡಿ ಹಿಡಿದು ತೋರಿಸಿದ್ದರಂತೆ. ಅದಕ್ಕೇ ಕೊಟ್ಟೆ ಎಂದರು ಮೇಡಂ.

ಮುಂದಿನ ಬಾರಿ ಬಂದಾಗ ಅವರು ಚಪ್ಪಲಿ ಬಿಟ್ಟು ನೇರ ಚಿತ್ರದ ಬಳಿ ಹೋಗಿ ಬೆಡ್‌ಶೀಟು ಸುತ್ತತೊಡಗಿದರು.

"ಮೇಡಂಗೆ ಫೋನ್ ಮಾಡಿದ್ರಂತೆ."

"ಎಡಗೈಯದ್ದು ಕೇಳ್ಲಿಕ್ಕೆ," ಎಂದೆ.

"ಅದನ್ನು ನನ್ನಲ್ಲೇ ಕೇಳ್ಬಹುದಿತ್ತಲ್ಲ ಅಮ್ಮ. ನಂಗೆ ಗೊತ್ತುಂಟಲ್ಲ."

ಇಲ್ಲೇ ಇರಲಿ, ನಮ್ಮ ಗೋಡೆಗೆ ಮೊಳೆ ಹೊಡೆಸುತ್ತೇನೆ ಎಂದೆ. ಬೇಡ, ಊರಿಗೆ ಹೋಗುವವರೊಬ್ಬರು ಸಿಕ್ಕಿದ್ದಾರೆ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಈಗಲೂ ಬರುತ್ತಾರೆ. ಕೆಲಸದಲ್ಲಿ ಕೊರತೆಯಿಲ್ಲ. ಆದರೆ ಹೊರಡುವ ಮುನ್ನ ಪ್ರತಿ ಸಲವೂ ತಮ್ಮ ಕೈಚೀಲದ ಜಿಪ್ ಪೂರ್ತಿ ತೆರೆದು, ಬಾಯಿ ನನ್ನ ಕಡೆಗಿರುವಂತೆ ಮೇಜಿನ ಮೇಲೆ ಇಟ್ಟು, ಕೈ ತೊಳೆಯಲು ಒಳಗೆ ಹೋಗುತ್ತಾರೆ.