ಗಟಾರದಲ್ಲಿ ಹೋದ ಬೆಂಡೋಲೆ

ನಮ್ಮಪ್ಪ ಹೊನ್ನಾಳಿಯಲ್ಲಿ ಪುರಸಭೆಯ ಕೊಳಚೆ ನೀರಿನ ಹೊಂಡ ನೋಡಿಕೊಳ್ಳುತ್ತಿದ್ದರು. ಊರಿನ ಗಟಾರಗಳೆಲ್ಲ ಹೊಳೆ ಸೇರುವ ಮುಂಚೆ ಅಲ್ಲಿಗೆ ಬರುತ್ತಿದ್ದವು. ಕಬ್ಬಿಣದ ಜಾಲರಿಗೆ ಸಿಕ್ಕ ಕಸ ಎಳೆದು ಹಾಕುವುದು, ತಳದ ರಾಡಿ ಎತ್ತಿ ಒಣಗಿಸುವುದು, ತಿಳಿಯಾದ ನೀರನ್ನು ಹೊಳೆಗೆ ಬಿಡುವುದು ಅವರ ಕೆಲಸ. ಸಂಜೆ ಹಿತ್ತಿಲಿನಿಂದ ಬಂದು, ಕೆಂಪು ಸೋಪು ಹಚ್ಚಿ ಮೈಯೆಲ್ಲ ತಿಕ್ಕಿಕೊಳ್ಳದೆ ಒಳಗೆ ಕಾಲಿಡುತ್ತಿರಲಿಲ್ಲ, ನನ್ನ ತಲೆ ಮುಟ್ಟುತ್ತಿರಲಿಲ್ಲ. ಯಾರೂ ಹೇಳಿದ್ದಲ್ಲ, ಅವರೇ ಮಾಡಿಕೊಂಡ ನೇಮ ಅದು.

ಅವ್ವ ತೀರಿಕೊಂಡ ಮೇಲೆ ಅವಳ ಕೆಂಪು ಹರಳಿನ ಬೆಂಡೋಲೆಗಳು ನನ್ನ ಕಿವಿಗೆ ಬಂದವು. ಎಂಬತ್ತರ ದಶಕದ ಮೊದಮೊದಲ ವರ್ಷಗಳು. ನಾನು ಕಾಲೇಜು ಮೆಟ್ಟಿಲು ಹತ್ತಿದ್ದೆ, ಸೊಕ್ಕೂ ತಲೆಗೆ ಹತ್ತಿತ್ತು. ಒಂದು ದಿನ ಬಚ್ಚಲಲ್ಲಿ ತಲೆ ತೊಳೆಯುವಾಗ ಒಂದು ಬೆಂಡೋಲೆ ಕಳಚಿಕೊಂಡು ನೀರಿನ ಜೊತೆ ಹೊರಟೇಹೋಯಿತು. ಗೋಳೋ ಎಂದು ಅತ್ತೆ.

"ಅಳಬ್ಯಾಡ ಕಣವ್ವ. ಊರಿನ ನೀರೆಲ್ಲ ನನ್ನ ಹತ್ರಾನೇ ಬರಬೇಕು. ಅದು ಎಲ್ಲಿಗೆ ಹೋಗ್ತೈತೆ?" ಅಂದರು ಅಪ್ಪ.

ಅಷ್ಟು ಸಣ್ಣದು ಜಾಲರಿಯಲ್ಲಿ ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ದಿನವೂ ಕೆಲಸ ಮುಗಿದ ಮೇಲೆ ತಳದ ರಾಡಿಯನ್ನು ಬುಟ್ಟಿ ಬುಟ್ಟಿ ಎತ್ತಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬರಿಗೈಯಲ್ಲಿ ಜಾಲಾಡಿದರು. ಗಾಜಿನ ಚೂರು ತಾಗಿ ಹೆಬ್ಬೆರಳು ಸೀಳಿತು, ಬಾತು ಕೀವಾಯಿತು. ಬಟ್ಟೆ ಸುತ್ತಿಕೊಂಡು ಮತ್ತೆ ಹೋದರು. ಹದಿನೈದು ದಿನ ಕಳೆದ ಮೇಲೆ ಸಿಕ್ಕಿತು.

ಅವತ್ತು ಎರಡೆರಡು ಸಲ ಸ್ನಾನ ಮಾಡಿ, ಒಗೆದ ಬಿಳಿ ಅಂಗಿ ತೊಟ್ಟು ಜಗಲಿಗೆ ಬಂದರು. ನಾನು ಇಬ್ಬರು ಗೆಳತಿಯರ ಜೊತೆ ಕೂತಿದ್ದೆ. "ನಿಮ್ಮವ್ವಂದು ಸಿಕ್ತು ನೋಡವ್ವ," ಎಂದು ಅಂಗೈ ಬಿಚ್ಚಿದರು. ಗೆಳತಿಯೊಬ್ಬಳು ದಾವಣಿಯ ಸೆರಗನ್ನು ಮೂಗಿನ ಹತ್ತಿರ ಒಯ್ದಳು. ನನಗೆ ಅಷ್ಟು ಸಾಕಾಯಿತು.

"ಗಟಾರದಾಗೆ ಬಿದ್ದಿದ್ದು ನಂಗೆ ಬ್ಯಾಡ. ಥೂ, ಅಸಹ್ಯ!"

ಅಪ್ಪ ಅಂಗೈಯನ್ನೇ ನೋಡಿದರು. "ಆಯ್ತು ಬಿಡವ್ವ," ಎಂದು ಒಳಗೆ ಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನನ್ನ ಮಾತು ಮಾತ್ರ ಎಲ್ಲೂ ಹೋಗದೆ ನಮ್ಮಿಬ್ಬರ ನಡುವೆಯೇ ಕೂತುಬಿಟ್ಟಿತು. ಚನ್ನಗಿರಿಗೆ ಮದುವೆಯಾಗಿ ಹೊರಟಾಗ ಅಪ್ಪ, ನಾನು ಕಳಚಿಟ್ಟಿದ್ದ ಇನ್ನೊಂದನ್ನೂ ಸೇರಿಸಿ, ಎರಡೂ ಬೆಂಡೋಲೆಗಳನ್ನು ಕಾಗದದಲ್ಲಿ ಸುತ್ತಿ ಸುಮ್ಮನೆ ನನ್ನ ಟ್ರಂಕಿನಲ್ಲಿಟ್ಟಿದ್ದರು. ನೋಡಿ, ಮುಚ್ಚಿಟ್ಟೆ. ತಪ್ಪಾಯಿತು ಅನ್ನಲು ವರ್ಷಗಟ್ಟಲೆ ಬಾಯಿ ಬರಲಿಲ್ಲ. ಇಂಥ ಹಾಳು ನಾಲಿಗೆ ನನ್ನದು.

ಅಪ್ಪನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದಾರೆ, ಹೆಚ್ಚು ದಿನವಿಲ್ಲ ಎಂದು ಸುದ್ದಿ ಬಂದಾಗ ಟ್ರಂಕು ತೆಗೆದೆ. ಎರಡನ್ನೂ ಹಾಕಿಕೊಂಡು ಬಸ್ಸು ಹತ್ತಿದೆ. ಅವರಿಗೆ ಮಾತು ಕ್ಷೀಣವಾಗಿತ್ತು. ಬಾಗಿ ಕಿವಿ ತೋರಿಸಿದೆ. ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವರು ಗಾಬರಿಯಾದರು.

"ಮೂರು ಸಲ ತೊಳ್ದೀನವ್ವ. ಹುಣಸೆಹಣ್ಣು ಹಾಕಿ ತಿಕ್ಕೀನಿ. ವಾಸ್ನೆ ಇಲ್ಲ."

"ಇಲ್ಲಪ್ಪ, ಏನೂ ವಾಸ್ನೆ ಇಲ್ಲ," ಅಂದೆ. ಅಳು ಬಂತು.

ನನ್ನ ಅಳು ನೋಡಿ ಅವರು ಏಳಲು ಹವಣಿಸಿದರು. "ಕೊಡಿಲ್ಲಿ. ಇನ್ನೊಂದು ಸಲ ತೊಳ್ದು ಕೊಡ್ತೀನಿ," ಎಂದು ಕೈ ಚಾಚಿದರು.