ಚಾದರದ ಟಬ್ಬಿನಲ್ಲಿ ಹರಿಹರದ ಮೀನು

ನಮ್ಮ ಮನೆಯಲ್ಲಿ ಈಗ ಚಾದರ ನೆನೆಸುವುದಕ್ಕೆ ಟಬ್ಬಿಲ್ಲ. ಇಲ್ಲವೆಂದರೆ ಇಲ್ಲವೇ ಇಲ್ಲವೆಂದಲ್ಲ. ಇದೆ, ಅದರಲ್ಲಿ ಮೀನಿದೆ. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಯ ಹಿಂಬದಿಯ ವರಾಂಡದಲ್ಲಿ, ಒಗೆಯುವ ಕಲ್ಲಿನ ಪಕ್ಕದಲ್ಲಿ, ವರ್ಷಾನುಗಟ್ಟಲೆ ನಮ್ಮಿಬ್ಬರ ಸಂಸಾರದ ಸಮಸ್ತ ಹೊದಿಕೆಗಳ ಕೊಳೆಯನ್ನು ನಿರ್ವಿಕಾರ ಚಿತ್ತದಿಂದ ಸ್ವೀಕರಿಸುತ್ತ ಬಂದಿದ್ದ ಆ ಅಗಲಬಾಯಿಯ ಬಿಳಿ ಟಬ್ಬು, ಸೋಪಿನ ನೆನಪೂ ಉಳಿಯದಂತೆ ಹತ್ತಾರು ಸಲ ತೊಳೆಸಿಕೊಂಡು, ಇದೀಗ ಹೆಬ್ಬೆರಳುದ್ದದ ಕೇಸರಿ ಬಣ್ಣದ ಗೋಲ್ಡ್‌ಫಿಶ್ ಒಂದಕ್ಕೆ ಪ್ರತ್ಯೇಕವಾಸದ ಭವನವಾಗಿದೆ. ಚಾದರಗಳು ಪಾಳಿಯ ಪ್ರಕಾರ ಬಕೆಟ್ಟಿನಲ್ಲಿ ಮಂಡಿ ಮಡಚಿ ಕೂತು ನೆನೆಯುತ್ತಿವೆ. ಮೀನು ಮಾತ್ರ ಕೈಕಾಲು ಚಾಚಿಕೊಂಡು, ಅವು ಅದಕ್ಕಿಲ್ಲ ಎಂಬುದು ಬೇರೆ ಮಾತು, ಆರಾಮಾಗಿದೆ. ಈ ಅನ್ಯಾಯವನ್ನು ಯಾಕೆ ಸಹಿಸುತ್ತಿದ್ದೇವೆಂದು ನೀವು ಕೇಳಿದರೆ ಉತ್ತರಕ್ಕೆ ನಾನು ಹರಿಹರದವರೆಗೆ ಹೋಗಿಬರಬೇಕಾಗುತ್ತದೆ. ಹೆಚ್ಚು ದೂರವಲ್ಲ, ಜೊತೆಗೆ ಬನ್ನಿ.

ನಮ್ಮ ನಡುಮನೆಯಲ್ಲಿ ಉದ್ದನೆಯ ಗಾಜಿನ ತೊಟ್ಟಿಯೊಂದಿದೆ. ನಮ್ಮದು ಲಿಂಗವಂತರ ಮನೆಯಾದ್ದರಿಂದ ಮೀನೆಂಬುದು ಹೊಸ್ತಿಲು ದಾಟಿ ಒಳಬರಬೇಕಾದರೆ ಕೆಲವು ನಿಬಂಧನೆಗಳಿವೆ: ಜೀವಂತವಾಗಿರಬೇಕು, ಗಾಜಿನೊಳಗಿರಬೇಕು, ಅಡುಗೆಮನೆಯ ಕಡೆ ಮುಖ ಮಾಡಬಾರದು. ಈ ಮೂರಕ್ಕೂ ಒಪ್ಪಿಕೊಂಡು ಬಂದು, ಕಾಲಕ್ರಮದಲ್ಲಿ ಉಂಡುಟ್ಟು ಗುಂಡಗಾಗಿರುವ ಮೂರು ಗೋಲ್ಡ್‌ಫಿಶ್‌ಗಳು ಅಲ್ಲಿ ನೆಲೆಸಿವೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸಿ ನಿವೃತ್ತನಾದ ನನಗೆ ಉಳಿದಿರುವ ಶ್ರೋತೃವರ್ಗ ಈ ಮೂವರೇ. ನಾನು ಮಾತಾಡುವಾಗ ಅವು ಬಾಯಾಡಿಸುತ್ತಿರುತ್ತವೆ ನಿಜ, ಆದರೆ ನನ್ನ ವಿದ್ಯಾರ್ಥಿಗಳೂ ಅದನ್ನೇ ಮಾಡುತ್ತಿದ್ದರು.

ತೊಟ್ಟಿಗೆ ಹೊಸ ಮೀನು ತಂದರೆ ನೇರವಾಗಿ ಹಳಬರ ನಡುವೆ ಬಿಡಬಾರದೆಂಬುದು ಈ ಹವ್ಯಾಸದ ಮೊದಲ ಶಾಸ್ತ್ರವಿಧಿ. ನಿಟ್ಟುವಳ್ಳಿಯ ಸ್ನೇಹಿತರೊಬ್ಬರು ಅಂಗಡಿಯಿಂದ ತಂದ ಸುಂದರಾಂಗ ಮೀನೊಂದನ್ನು ಅಂದೇ ಸಂಭ್ರಮದಿಂದ ತಮ್ಮ ತೊಟ್ಟಿಗಿಳಿಸಿ, ಸ್ವಲ್ಪ ದಿನದಲ್ಲೇ ಹೊಸತನ್ನೂ ಹಳೆಯವನ್ನೂ ಒಟ್ಟಿಗೆ ದಾಸವಾಳದ ಬುಡಕ್ಕೆ ಹಾಕಿದ್ದರು. ದಾಸವಾಳ ಆ ವರ್ಷ ಚೆನ್ನಾಗಿ ಹೂ ಬಿಟ್ಟಿತಂತೆ. ಆದ್ದರಿಂದ ಹೊಸಬರನ್ನು ಕೆಲವು ವಾರ ಬೇರೆಯಾಗಿಟ್ಟು ಗಮನಿಸಬೇಕು. ಕ್ವಾರಂಟೈನ್ ಎಂಬ ಪದದ ಅರ್ಥವನ್ನು ಈಗ ಯಾರಿಗೂ ವಿವರಿಸಬೇಕಿಲ್ಲ. ಮುಂಗೈಗೆ ಮುದ್ರೆ ಒತ್ತಿಸಿಕೊಂಡು, ಬಾಗಿಲಿಗೆ ಕಾಗದ ಅಂಟಿಸಿಕೊಂಡು, ಸ್ವಂತ ಮನೆಯ ಕೋಣೆಯಲ್ಲೇ ಪರದೇಶಿಗಳಾಗಿ ಕೂತೆದ್ದವರು ನಾವೆಲ್ಲ. ವಿವಾದವಿರುವುದು ಬೇರೆ ಕಡೆ. ಹಾಗೆ ಪ್ರತ್ಯೇಕವಾಗಿಟ್ಟ ಮೀನಿಗೆ, ರೋಗವಿರಲಿ ಬಿಡಲಿ, ಮುಂಜಾಗ್ರತೆಗೆಂದು ಔಷಧಿ ಹಾಕಬೇಕೋ, ಅಥವಾ ರೋಗ ಕಂಡರಷ್ಟೇ ಹಾಕಬೇಕೋ? ಈ ಪ್ರಶ್ನೆಯ ಮೇಲೆ ಅಂತರ್ಜಾಲದಲ್ಲಿ ಎರಡು ಪಂಥಗಳಿದ್ದು, ಒಬ್ಬರನ್ನೊಬ್ಬರು ಮೀನುಹಂತಕರೆಂದು ಕರೆದುಕೊಳ್ಳುತ್ತಾರೆ.

ನಮ್ಮ ಮನೆಯಲ್ಲೂ ಎರಡು ಪಂಥಗಳಿವೆ. ನನ್ನ ಹೆಂಡತಿ ಗಿರಿಜಾ ಮುಂಜಾಗ್ರತಾ ಪಂಥದವಳು. ನಾನು ಸೀನಿದರೆ ಕಷಾಯ, ಸೀನದಿದ್ದರೆ ಸೀನಬಾರದೆಂದು ಕಷಾಯ. ನಾನು ಕಾದುನೋಡುವ ಪಂಥದವನು. ಇದು ವೈಜ್ಞಾನಿಕ ನಿಲುವೆಂದು ನಾನೂ, ಶುದ್ಧ ಸೋಮಾರಿತನವೆಂದು ಅವಳೂ ಬಹುಕಾಲದಿಂದ ವಾದಿಸುತ್ತಿದ್ದೇವೆ.

ಈಗ ಹರಿಹರ. ಗಿರಿಜೆಯ ತಾಯಿ, ಅಂದರೆ ನನ್ನ ಅತ್ತೆ, ಅಲ್ಲಿ ಮಗ ಸೊಸೆ ಮೊಮ್ಮಕ್ಕಳ ತುಂಬಿದ ಮನೆಯಲ್ಲಿದ್ದಾರೆ. ಅವರ ಕಣ್ಣಿನ ಪೊರೆ ತೆಗೆಸುವುದು ದಾವಣಗೆರೆಯಲ್ಲಾಗಬೇಕೆಂದು ನಿಶ್ಚಯವಾಗಿ, ಕರೆತರಲು ನಾನು ಕಾರು ತೆಗೆದುಕೊಂಡು ಹೋದೆ. ಬರುವಾಗ ಹರಿಹರ ದಾಟುವ ಮೊದಲೇ ಬಣ್ಣದ ಮೀನಿನ ಅಂಗಡಿ ಕಂಡು, ಗೋಲ್ಡ್‌ಫಿಶ್ ಒಂದನ್ನು ಕೊಂಡೆ. ಅಂಗಡಿಯವನು ಔಷಧಿ ಹಾಕಬೇಕೆಂದೂ ಹಾಕದಿದ್ದರೂ ನಡೆಯುತ್ತದೆಂದೂ ಒಂದೇ ಉಸಿರಿನಲ್ಲಿ ಹೇಳಿ, ಮೀನಿನ ಜೊತೆ ನೀಲಿ ಔಷಧಿಯ ಶೀಷೆಯನ್ನೂ ಕೊಟ್ಟ. ನೀರು ತುಂಬಿದ ಆ ಪ್ಲಾಸ್ಟಿಕ್ ಚೀಲವನ್ನು ಸೀಟಿನ ಮೇಲಿಟ್ಟರೆ ಉರುಳುತ್ತದೆಂದು ಅತ್ತೆ ತಾವೇ ತೆಗೆದು ಮಡಿಲಲ್ಲಿಟ್ಟುಕೊಂಡರು. ಹೀಗೆ ನಮ್ಮ ಮನೆಗೆ ಹರಿಹರದ ಇಬ್ಬರು ಹೊಸಬರು ಒಂದೇ ದಿನ, ಒಂದೇ ಕಾರಿನಲ್ಲಿ, ಒಬ್ಬರ ಮಡಿಲಲ್ಲೊಬ್ಬರು ಬಂದಿಳಿದರು.

ಅತ್ತೆಯವರ ಬಗ್ಗೆ ಎರಡು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಹಳೆಯ ಕಾಲದ ಮರ್ಯಾದೆಯ ಪ್ರಕಾರ ಅವರು ಅಳಿಯನ ಜೊತೆ ನೇರವಾಗಿ ಮಾತನಾಡುವುದಿಲ್ಲ. ನನಗೆ ಹೇಳಬೇಕಾದ್ದನ್ನು ಮಗಳಿಗೋ ಗೋಡೆಗೋ ಹೇಳುತ್ತಾರೆ. ನಾನು ಕೇಳಿಸಿಕೊಂಡು, ಗೋಡೆಯ ಪರವಾಗಿ ಉತ್ತರಿಸುತ್ತೇನೆ. ಮದುವೆಯಾದಂದಿನಿಂದ ಈ ವ್ಯವಸ್ಥೆ ನಿರಾತಂಕವಾಗಿ ನಡೆದುಬಂದಿದೆ. ಎರಡನೆಯದು, ಮಗಳ ಮನೆಯಲ್ಲಿ ಹೆಚ್ಚು ದಿನ ಇರಬಾರದೆಂಬ ಅವರ ನೇಮ. ಬಂದರೆ ಎರಡು ರಾತ್ರಿ. ಬರುವಾಗ ತಮ್ಮ ಲೋಟ, ತಮ್ಮ ಜೋಳದ ಹಿಟ್ಟು, ತಮ್ಮ ವಿಭೂತಿ. ಬ್ಯಾಗಿನಿಂದ ಒಂದು ಸೀರೆ ತೆಗೆದರೆ ಒಗೆದು ಒಣಗಿಸಿ ಮಡಚಿ ಮತ್ತೆ ಬ್ಯಾಗಿಗೇ ಸೇರಿಸುತ್ತಾರೆ. ಅವ್ವ ನಾಲ್ಕು ದಿನ ನಿಶ್ಚಿಂತೆಯಿಂದ ತನ್ನ ಮನೆಯಲ್ಲಿರಬೇಕೆಂಬುದು ಗಿರಿಜೆಯ ಜೀವಮಾನದ ಆಸೆ. ಅದನ್ನವಳು ಬಾಯಿಬಿಟ್ಟು ಹೇಳುವುದಿಲ್ಲ, ಅವ್ವನ ಬ್ಯಾಗನ್ನು ನೋಡುತ್ತ ನಿಂತಿರುತ್ತಾಳೆ. ನನಗೆ ಅದನ್ನು ಕಂಡರೆ ಸಂಕಟವಾಗುತ್ತದೆ. ಈ ಸಲವಾದರೂ ವೈದ್ಯರು ಕೆಲವು ವಾರ ಪ್ರಯಾಣ ಬೇಡವೆಂದದ್ದರಿಂದ ಆ ಆಸೆಗೆ ಸ್ವಲ್ಪ ಜೀವ ಬಂದಿತ್ತು.

ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಮೀನು ಟಬ್ಬಿಗೂ ಅತ್ತೆ ಕಪ್ಪು ಕನ್ನಡಕಕ್ಕೂ ಸೇರಿದರು. ಒಲೆಯ ಮುಂದೆ ನಿಲ್ಲುವಂತಿಲ್ಲ, ತಲೆಗೆ ನೀರು ಹಾಕುವಂತಿಲ್ಲ, ದಾವಣಗೆರೆಗೆ ಬಂದೂ ಮಂಡಕ್ಕಿ ಮೆಣಸಿನಕಾಯಿ ಮುಟ್ಟುವಂತಿಲ್ಲ. ಹೊತ್ತುಹೊತ್ತಿಗೆ ಗಿರಿಜಾ ಹನಿಯ ಶೀಷೆ ಹಿಡಿದು ಪ್ರತ್ಯಕ್ಷಳಾಗುತ್ತಿದ್ದಳು. ಹೊತ್ತು ಹೋಗದ ಅತ್ತೆ ವರಾಂಡದಲ್ಲಿ ಟಬ್ಬಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಮೊದಲ ದಿನವೇ ಅವರು ಬಗ್ಗಿ, “ಹೆದರ್‌ಬ್ಯಾಡ ಕಣವ್ವ, ಈ ಊರಿಗೂ ನಮ್ಮ ಹೊಳೆ ನೀರೇ ಬರ್ತೈತೆ,” ಎಂದದ್ದನ್ನು ನಾನು ಕಿಟಕಿಯಿಂದ ಕೇಳಿಸಿಕೊಂಡೆ. ಅಂದಿನಿಂದ ನನ್ನ ಪಾಲಿನ ಗೋಡೆಯ ಉದ್ಯೋಗವನ್ನು ಮೀನು ವಹಿಸಿಕೊಂಡಿತು. “ಇವತ್ತಿನ ಪೇಪರ್ ಯಾರೋ ಒಯ್ದು ಕೂತಾರೆ, ನಿನಗೇನಾದ್ರೂ ಗೊತ್ತೇನವ್ವ?” ಎಂದು ಮೀನನ್ನು ಕೇಳಿದರೆ, ನಾನು ಕೂಡಲೇ ಪೇಪರ್ ತಂದಿಡುತ್ತಿದ್ದೆ.

ಔಷಧಿಯ ಪ್ರಶ್ನೆ ಮೂವರ ಸಭೆಯಲ್ಲಿ ಚರ್ಚೆಗೆ ಬಂತು. ದಿನವಿಡೀ ಹನಿ ಹಾಕಿಸಿಕೊಂಡು ಬೇಸತ್ತಿದ್ದ ಅತ್ತೆ ಮೀನಿನ ಕಡೆ ತಿರುಗಿ, “ಚೆನ್ನಾಗಿರೋರಿಗೂ ಔಷಧಿ ಕುಡಿಸೋ ಮನೆ ಇದು, ಹುಷಾರವ್ವ,” ಎಂದು ನನ್ನ ಪಂಥಕ್ಕೆ ಮತ ಹಾಕಿದರು. ಔಷಧಿ ಬೇಡ, ಬರೀ ನೋಡುವುದು ಎಂಬ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಗಿರಿಜಾ ಇಷ್ಟು ಸುಲಭವಾಗಿ ಸೋತದ್ದು ನನಗೆ ಅನುಮಾನ ಹುಟ್ಟಿಸಬೇಕಿತ್ತು.

ಕೆಲವೇ ದಿನಗಳಲ್ಲಿ ಟಬ್ಬಿನ ನೀರಿಗೆ ತಿಳಿನೀಲಿ ಛಾಯೆ ಬಂತು, ತಳದಲ್ಲಿ ಬೂದುಬಣ್ಣದ ಗಸಿ ಕಾಣಿಸಿತು. ಸೇವಾವಧಿಯನ್ನೆಲ್ಲ ದ್ರಾವಣಗಳ ಬಣ್ಣ ನೋಡಿಯೇ ಕಳೆದ ನಾನು ಇದು ಆಕಾಶದ ಪ್ರತಿಬಿಂಬವೆಂದು ತೀರ್ಮಾನಿಸಿದೆ. ವರಾಂಡಕ್ಕೆ ತಗಡಿನ ಸೂರಿದೆಯೆಂದು ಗಿರಿಜಾ ನೆನಪಿಸಿದ ಮೇಲೆ ವಿಚಾರಣೆ ಶುರುವಾಯಿತು. ನೀಲಿ ಹನಿ ಯಾರದೆಂದು ನಾನು ಕೇಳಿದೆ, ಬೂದಿ ಯಾರು ಹಾಕಿದರೆಂದು ಅವಳು ಕೇಳಿದಳು. ಸ್ಟೂಲಿನ ಮೇಲೆ ಕಪ್ಪು ಕನ್ನಡಕದ ಹಿಂದೆ ನಿದ್ದೆ ಮಾಡುತ್ತಿದ್ದಾರೆಂದು ನಾವು ಭಾವಿಸಿದ್ದ ಅತ್ತೆ ಅಲುಗಾಡದೆ ಮೀನಿಗೆ ಹೇಳಿದರು: “ವಿಭೂತಿ ನಾನೇ ಚಿಟಿಕೆ ಹಾಕೀನಿ, ಹೊಸ ಜಾಗ, ದೃಷ್ಟಿ ಆಗ್ಬಾರದಂತ. ನೀಲಿದು ನಮ್ಮ ಹುಡುಗಿ ಕೆಲಸ. ದಿನಾ ಮಧ್ಯಾಹ್ನ ಕಲ್ಲುಪ್ಪು ತಂದು ಹಾಕ್ತಿದ್ರಲ್ಲ, ಅವ್ರು ಯಾರಂತ ಕೇಳವ್ವ.”

ಕೇಳುವ ಅಗತ್ಯ ಬೀಳಲಿಲ್ಲ. ಕಾದುನೋಡುವ ಪಂಥದ ಪೀಠಾಧಿಪತಿಯೇ ಸ್ವಲ್ಪ ಉಪ್ಪು ಒಳ್ಳೆಯದೆಂದು ಎಲ್ಲೋ ಓದಿ ಮುಷ್ಟಿಯಲ್ಲಿ ಮುಚ್ಚಿಕೊಂಡು ಓಡಾಡಿದ್ದು ಬಯಲಾಯಿತು. ನಾವು ಮೂವರೂ ನಕ್ಕು, ನೀರು ಬದಲಾಯಿಸಿದೆವು. ಔಷಧಿರಹಿತ ಪ್ರಯೋಗದಲ್ಲಿ ಮೂರು ಔಷಧಿ ನುಂಗಿದ ಮೀನು ಎಂದಿನಂತೆ ಕಾಳಿಗಾಗಿ ಬಾಯಿ ತೆರೆಯುತ್ತಿತ್ತು.

ಹೊಸಬರನ್ನು ಪರೀಕ್ಷಿಸುವ ಈ ಪದ್ಧತಿಯನ್ನು ನಾನು ಟೀಕಿಸುವಂತಿಲ್ಲ. ನಾನೂ ಅದರಲ್ಲಿ ಉತ್ತೀರ್ಣನಾದವನೇ. ಹೊಸ ಅಳಿಯನಾಗಿ ಹರಿಹರಕ್ಕೆ ಹೋದಾಗ ನನ್ನನ್ನು ಮುಂದಿನ ಕೋಣೆಯಲ್ಲಿ ಕೂರಿಸಿ, ಬಾಗಿಲ ಸಂದಿನಿಂದ ಇಡೀ ಓಣಿ ಸರದಿಯಂತೆ ನೋಡಿಹೋಯಿತು. ಮುಂಜಾಗ್ರತೆಯ ಔಷಧಿಯಾಗಿ ಹೊತ್ತಿಗೆ ಮೂರರಂತೆ ಹೋಳಿಗೆ ಕೊಡಲಾಯಿತು. ಮರುದಿನ ನನ್ನ ಹೊಟ್ಟೆ ಕೆಟ್ಟಾಗ, ಅಳಿಯನಿಗೆ ಮೊದಲೇ ಜೀರ್ಣಶಕ್ತಿ ಕಡಿಮೆಯೆಂದು ನಿರ್ಧರಿಸಿದರು. ಆ ವರದಿಯನ್ನು ಇಂದಿಗೂ ಹಿಂಪಡೆದಿಲ್ಲ.

ವೈದ್ಯರು ಹೇಳಿದ ಅವಧಿ ಮುಗಿಯುತ್ತ ಬಂತು. ಮೀನಿನ ಅವಧಿಯೂ ಮುಗಿಯುವುದರಲ್ಲಿತ್ತು. ಅತ್ತೆ ಬ್ಯಾಗಿನ ಜಿಪ್ಪು ಎಳೆದು ನೋಡತೊಡಗಿದರು, ಗಿರಿಜಾ ಅಡುಗೆಮನೆಯಲ್ಲಿ ಕಾರಣವಿಲ್ಲದೆ ಪಾತ್ರೆಗಳ ಸದ್ದು ಮಾಡತೊಡಗಿದಳು. ಭಾನುವಾರ ಮೀನು ತೊಟ್ಟಿಗೆ, ಸೋಮವಾರ ಅತ್ತೆ ಹರಿಹರಕ್ಕೆ ಎಂದು ತೀರ್ಮಾನವಾಯಿತು. ಶನಿವಾರ ನಾನು ಟಬ್ಬಿನ ಮುಂದೆ ಕೂತು, ಮೈಮೇಲೆ ಚುಕ್ಕೆಯಿದೆಯೇ, ರೆಕ್ಕೆ ಹರಿದಿದೆಯೇ ಎಂದು ಹೊಸ ಮೀನಿನ ಅಂತಿಮ ತಪಾಸಣೆ ನಡೆಸುತ್ತಿದ್ದೆ. ಅತ್ತೆ ಸ್ವಲ್ಪ ಹೊತ್ತು ನೋಡಿ ಮೀನಿಗೆ ಹೇಳಿದರು: “ನಿನಗೆ ಏನೈತೆ, ಏನಿಲ್ಲ ಅಂತ ಎಲ್ರೂ ಬಗ್ಗಿ ಬಗ್ಗಿ ನೋಡ್ತಾರೆ. ನೀನು ಹೋಗೋ ಮನೇರಿಗೆ ಏನೈತೆ ಅಂತ ನಿನಗ್ಯಾರು ನೋಡಿ ಹೇಳ್ತಾರವ್ವ?”

ಹೀಗೆಂದವರೇ ಎದ್ದು ನಡುಮನೆಗೆ ಹೋಗಿ, ಹೊಸದಾಗಿ ಬೆಳಗಿದ ಕಣ್ಣನ್ನು ಗಾಜಿಗೆ ಹಚ್ಚಿ ನಿಂತರು. ಆಮೇಲೆ ಗಿರಿಜೆಯನ್ನು ಕರೆದರು. “ನಾನು ವಿಭೂತಿ ಹಚ್ಚಿದ್ದು ಟಬ್ಬಿನ ಮೀನಿಗೆ ಕಣೆ. ಈ ದೊಡ್ಡೋವಕ್ಕೆ ಯಾರು ಹಚ್ಚಿದ್ರು?”

ನೋಡಿದರೆ ಮೂರು ಹಳಬರ ರೆಕ್ಕೆಗಳ ಮೇಲೂ ಉಪ್ಪಿನ ಹರಳುಗಳಂಥ ಬಿಳಿ ಚುಕ್ಕೆಗಳು. ಕೆಲವು ದಿನಗಳಿಂದ ಅವು ಕಲ್ಲಿಗೆ ಮೈ ಉಜ್ಜುತ್ತಿದ್ದುದನ್ನು ನಾನು ಕಂಡಿದ್ದೆ, ನನ್ನ ಉಪನ್ಯಾಸಕ್ಕೆ ಪ್ರತಿಸ್ಪಂದಿಸುತ್ತಿವೆಯೆಂದು ಸಂತೋಷಪಟ್ಟಿದ್ದೆ. ಇದು ಬಿಳಿಚುಕ್ಕೆ ರೋಗ. ಹಳೆಯ ತೊಟ್ಟಿಗಳಲ್ಲಿ ಕಾಣದಂತೆ ಮನೆಮಾಡಿಕೊಂಡಿದ್ದು, ಹೀಗೆ ಚಳಿ ಬಿದ್ದಾಗ ತಲೆಯೆತ್ತುವುದೂ ಉಂಟಂತೆ. ಹರಿಹರದ ಅತಿಥಿ ನಿಷ್ಕಳಂಕವಾಗಿತ್ತು, ರೋಗ ನಮ್ಮ ನಡುಮನೆಯದಾಗಿತ್ತು. ನಾವು ವಾರಗಟ್ಟಲೆ ನಮ್ಮನ್ನು ಆ ಮೀನಿನಿಂದ ಕಾಪಾಡಿಕೊಂಡೆವೆಂದು ತಿಳಿದಿದ್ದರೆ, ಚಾದರದ ಟಬ್ಬು ಅದನ್ನು ನಮ್ಮಿಂದ ಕಾಪಾಡುತ್ತಿತ್ತು. ಬ್ಯಾಗು ಬಿಚ್ಚದ ಅತಿಥಿಯೊಬ್ಬರೂ ನಮ್ಮನ್ನು ಹೀಗೇ ಸುಮ್ಮನೆ ಕೂತು ಗಮನಿಸುತ್ತಿರಬಹುದೆಂದು ನನಗೆ ಆಗ ಹೊಳೆಯಿತು. ಒಗ್ಗಿದರೆ ಇರೋಣ, ಒಗ್ಗದಿದ್ದರೆ ಮಡಚಿದ ಸೀರೆ ಹೇಗೂ ಬ್ಯಾಗಿನಲ್ಲಿದೆ ಎಂದು. ಅಳಿಯನಾದ ಇಷ್ಟು ವರ್ಷಗಳಲ್ಲಿ ಈ ಯೋಚನೆ ಬರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಕೊನೆಗೂ ನಿಜವಾದ ರೋಗಿಗಳು ಸಿಕ್ಕ ಉತ್ಸಾಹದಲ್ಲಿ ಗಿರಿಜಾ ಔಷಧಿ ಹಾಕಿದಳು. ತೊಟ್ಟಿಯ ನೀರೆಲ್ಲ ನೀಲಿಯಾಗಿ, ಸಂಜೆ ದೀಪ ಹಾಕಿದರೆ ನಡುಮನೆಯಲ್ಲಿ ಕೂತ ನಾವೂ ನೀಲಿಯಾಗಿ ಕಾಣುತ್ತಿದ್ದೆವು. ರೋಗಿಗಳನ್ನು ಬಿಟ್ಟು ಹೇಗೆ ಹೋಗುವುದೆಂದು ಅತ್ತೆಯ ಸೋಮವಾರ ಮುಂದಕ್ಕೆ ಹೋಯಿತು. ಚುಕ್ಕೆಗಳು ಉದುರಿದವು, ಹಳಬರು ಮೊದಲಿನ ಗತ್ತಿಗೆ ಮರಳಿದರು, ಆಮೇಲೂ ನಾನು ಸಾಕಷ್ಟು ದಿನ ಕಾದೆ. ಒಂದು ಭಾನುವಾರ ಬೆಳಿಗ್ಗೆ ಬಲೆ ಹಿಡಿದು ವರಾಂಡಕ್ಕೆ ಹೋದೆ. ಬಾಗಿಲಲ್ಲಿ ಗಿರಿಜಾ ನಿಂತಿದ್ದಳು. ಅವಳು ನೋಡುತ್ತಿದ್ದುದು ಮೀನನ್ನಲ್ಲ, ಅವ್ವನನ್ನು.

ಅತ್ತೆ ಸ್ಟೂಲಿನಿಂದ ಎದ್ದರು. ಕಪ್ಪು ಕನ್ನಡಕ ಅಂದು ಇರಲಿಲ್ಲ. ಸೆರಗು ಸರಿಪಡಿಸಿಕೊಂಡು, ಗೋಡೆಯನ್ನೂ ಮೀನನ್ನೂ ಬಿಟ್ಟು, ಮೊಟ್ಟಮೊದಲ ಬಾರಿಗೆ ನನ್ನ ಮುಖ ನೋಡಿ ಹೇಳಿದರು: “ಅಳಿಯಾರೇ, ಇನ್ನೊಂದು ವಾರ ನೋಡಾನ್ರಿ. ಆ ದೊಡ್ಡೋವು ಪೂರ್ತಿ ಆರಾಮಾಗ್ಯಾವೋ ಇಲ್ಲೋ. ಹೆಂಗೂ ನಾನು ಇರ್ತೀನಲ್ಲ.”

ತೊಟ್ಟಿಯಲ್ಲಿ ರೋಗದ ಲವಲೇಶವೂ ಇಲ್ಲವೆಂದು ನನಗೆ ಗೊತ್ತಿತ್ತು. ನನಗಿಂತ ಚುರುಕಾದ ಅವರ ಕಣ್ಣಿಗಂತೂ ಗೊತ್ತೇ ಇತ್ತು. “ಹೌದ್ರಿ ಅತ್ತೆ, ನನಗೂ ಇನ್ನೂ ಸ್ವಲ್ಪ ಅನುಮಾನ ಐತೆ,” ಎಂದು ಬಲೆಯನ್ನು ಮೊಳೆಗೆ ತೂಗುಹಾಕಿದೆ. ಅಂದಿನಿಂದ ಪ್ರತಿ ಭಾನುವಾರ ನಾವಿಬ್ಬರೂ ಗಂಭೀರವಾಗಿ ತೊಟ್ಟಿಯ ಮುಂದೆ ನಿಂತು, ತಲೆಯಾಡಿಸಿ, ಅವಧಿಯನ್ನು ವಿಸ್ತರಿಸುತ್ತೇವೆ. ಅವ್ವ ಯಾವಾಗ ಬರುತ್ತಾಳೆಂದು ಹರಿಹರದಿಂದ ಭಾವಮೈದುನ ಫೋನು ಮಾಡಿದರೆ, ಮೀನಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲವೆಂದು ತಿಳಿಸುತ್ತೇನೆ.

ಚಾದರ ನೆನೆಸುವುದಕ್ಕೆ ಟಬ್ಬಿಲ್ಲವೆಂದು ಮೊದಲಿಗೆ ಹೇಳಿದೆನಲ್ಲ, ದಯವಿಟ್ಟು ಅದನ್ನು ತಿದ್ದಿಕೊಳ್ಳಿ. ನಾನು ಇದನ್ನು ಬರೆಯುತ್ತ ಕೂತಿರುವಾಗಲೇ ಗಿರಿಜಾ ಪೇಟೆಯಿಂದ ಬಂದು, ಮೀನಿನ ಟಬ್ಬಿನ ಪಕ್ಕದಲ್ಲಿ ಹೊಸ ಟಬ್ಬೊಂದನ್ನು ಇಟ್ಟು ಬಟ್ಟೆ ನೆನೆಹಾಕಿದ್ದಾಳೆ. ಬ್ಯಾಗಿನ ತಳದಲ್ಲಿದ್ದ ಅತ್ತೆಯ ಸೀರೆಗಳೂ ಅದರಲ್ಲಿವೆ. ಟಬ್ಬು ಹಳೆಯದಕ್ಕಿಂತ ದೊಡ್ಡದು. ಮೂರು ಜನರ ಚಾದರಕ್ಕೆ ಸರಿಹೋಗುತ್ತದೆ.